ಠೇವಣಿ ಹೋಯಿತು, ಓಟು ಹೋಗಲಿಲ್ಲ!



42,907! ಈ ಅಂಕಿ ಯಾವುದು, ಹೇಳಿ ನೋಡೋಣ. ಚನ್ನಗಿರಿ ಮಂಡಿಯ ಅಡಿಕೆ ಧಾರಣೆಯಲ್ಲ, ಲಾಟರಿ ನಂಬರೂ ಅಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದಾವಣಗೆರೆ ಕ್ಷೇತ್ರದ ಜನ ಯಾವ ಪಕ್ಷದ ಬಾವುಟವೂ ಇಲ್ಲದ ಒಬ್ಬ ಪಕ್ಷೇತರನಿಗೆ ಹಾಕಿದ ಓಟುಗಳು ಇವು. ಆತನ ಹೆಸರು ಜಿ.ಬಿ. ವಿನಯಕುಮಾರ್. ಊರು ದಾವಣಗೆರೆ ತಾಲ್ಲೂಕಿನ ಕಕ್ಕರಗೊಳ್ಳ. ಬೆಂಗಳೂರಿನಲ್ಲಿ ಐಎಎಸ್ ಪರೀಕ್ಷೆಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿದವರು. ಕಾಂಗ್ರೆಸ್ ಟಿಕೆಟ್ ಕೇಳಿದರು, ಸಿಗಲಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಕರೆಸಿ ಬುದ್ಧಿ ಹೇಳಿದರೂ ಕಣದಿಂದ ಹಿಂದೆ ಸರಿಯಲಿಲ್ಲ.

ಫಲಿತಾಂಶ ಬಂದ ದಿನ, 2024ರ ಜೂನ್ 4ರಂದು, ನಮ್ಮೂರಿನ ಮರಿ ಪುಢಾರಿಗಳು ಬೆಣ್ಣೆ ದೋಸೆ ಹೋಟೆಲ್ಲಿನಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. "ಠೇವಣಿ ಹೋಯ್ತಲ್ಲೋ!" ಹೌದು ಸ್ವಾಮಿ, ಹೋಯಿತು. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗ ಬಂದರೆ ಮಾತ್ರ ಕಟ್ಟಿದ 25 ಸಾವಿರ ವಾಪಸ್ಸು. ನಮ್ಮ ಕ್ಷೇತ್ರದಲ್ಲಿ ಅದಕ್ಕೆ ಎರಡು ಲಕ್ಷದ ಮೇಲೆ ಓಟು ಬೇಕಿತ್ತು. ಆದರೆ ಇನ್ನೂ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಗೆದ್ದ ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ ಅವರಿಗೆ 6,33,059. ಸೋತ ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಅವರಿಗೆ 6,06,965. ನಡುವಿನ ಅಂತರ 26,094. ಅಂದರೆ ಠೇವಣಿ ಕಳೆದುಕೊಂಡವನ ಓಟು ಗೆದ್ದವರ ಅಂತರಕ್ಕಿಂತ ಜಾಸ್ತಿ!

ಅಷ್ಟಕ್ಕೇ ನಗು ನಿಂತು ಬೈಗುಳ ಶುರುವಾಯಿತು. "ಓಟು ಒಡೆದ!" "ನಮ್ಮ ಓಟು ತಿಂದ!" ಈ ಮಾತನ್ನು ಎರಡೂ ಕಡೆಯವರು ಆಡಿದ್ದು ನಾನು ಕಿವಿಯಾರೆ ಕೇಳಿದ್ದೇನೆ. ನಮ್ಮ ಓಟು ಎಂದರೇನು ಸ್ವಾಮಿ? ಓಟೇನು ಅಪ್ಪನಿಂದ ಮಗನಿಗೆ ಬರೋ ಖಾತೆ ಜಮೀನೇ? ಪಹಣಿಯಲ್ಲಿ ಹೆಸರಿದೆಯೇ?

ಕೇಳಬಾರದ ಪ್ರಶ್ನೆಯೇನಲ್ಲ ಇದು. 1996ರಿಂದ ಈಚೆಗೆ ನಡೆದ ಲೋಕಸಭೆಯ ಸಾರ್ವತ್ರಿಕ ಚುನಾವಣೆಗಳನ್ನು ಎಣಿಸಿ. 1996 ಮತ್ತು 1999ರಲ್ಲಿ ಜಿ. ಮಲ್ಲಿಕಾರ್ಜುನಪ್ಪ. ನಡುವೆ 1998ರಲ್ಲಿ ಶಾಮನೂರು ಶಿವಶಂಕರಪ್ಪ. 2004, 2009, 2014, 2019ರಲ್ಲಿ ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ. 2024ರಲ್ಲಿ ಶಾಮನೂರರ ಸೊಸೆ. ಎದುರಿಗೆ ನಿಂತವರು ಸಿದ್ದೇಶ್ವರರ ಪತ್ನಿ. ಎರಡು ಮನೆ, ಒಂದು ಕುರ್ಚಿ, ಇಪ್ಪತ್ತೆಂಟು ವರ್ಷ! ಆ ಮನೆಯವರು ಒಳ್ಳೆಯದು ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ನಾನು ಅಂಗಡಿ ಇಟ್ಟಿರುವ ಎಸ್.ಎಸ್. ಬಡಾವಣೆಯ ಹೆಸರೇ ಎಲ್ಲವನ್ನೂ ಹೇಳುತ್ತದೆ. ನನ್ನ ತಕರಾರು ಬೇರೆ. ಎರಡು ಮನೆಯ ಜಗಳವನ್ನು ಬೀದಿಯಲ್ಲಿ ನಿಂತು ನೋಡುವವನಿಗೆ ಚುನಾವಣೆ ಎಂದರೆ ಜಾತ್ರೆ. ತೇರು ಯಾರೋ ಎಳೆಯುತ್ತಾರೆ, ನಾವು ಬಾಳೆಹಣ್ಣು ಎಸೆದು ಮನೆಗೆ ಬರುತ್ತೇವೆ. ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ಬಾಳೆಹಣ್ಣು ಎಸೆಯುವ ಉತ್ಸಾಹವೂ ಇರುವುದಿಲ್ಲ.

ಈಗ ನನ್ನ ಕಸುಬಿನ ಮಾತು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಕೂತವನು ನಾನು. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿದರು, ನಾನು ಆಫ್‌ಸೆಟ್ ನಡೆಸುತ್ತೇನೆ. ಚುನಾವಣೆ ಬಂತೆಂದರೆ ನಮಗೆ ಸುಗ್ಗಿ ಎಂದು ಜನ ತಿಳಿದಿದ್ದಾರೆ. ಸುಗ್ಗಿ ಹೌದು, ಕಣದಲ್ಲಿ ಕಾಳಿಗಿಂತ ಹೊಟ್ಟು ಜಾಸ್ತಿ. ಪ್ರಜಾಪ್ರತಿನಿಧಿ ಕಾಯಿದೆ 1951, ಕಲಂ 127ಎ ಪ್ರಕಾರ ಪ್ರತಿ ಕರಪತ್ರದ ಕೆಳಗೆ ಮುದ್ರಕನ ಹೆಸರು, ವಿಳಾಸ, ಪ್ರಕಾಶಕನ ಹೆಸರು, ವಿಳಾಸ ಇರಬೇಕು. ಅಚ್ಚು ಹಾಕಿಸುವವನು ಎರಡು ಪ್ರತಿ ಘೋಷಣಾ ಪತ್ರ ಬರೆದು, ಅವನನ್ನು ಬಲ್ಲ ಇಬ್ಬರು ಸಾಕ್ಷಿ ಹಾಕಿ ಕೊಡಬೇಕು. ಅಚ್ಚಾದ ಮೇಲೆ ಘೋಷಣೆಯ ಒಂದು ಪ್ರತಿ, ಕರಪತ್ರದ ಒಂದು ಪ್ರತಿ ಜಿಲ್ಲಾಧಿಕಾರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ದೊಡ್ಡ ಪಕ್ಷದವರ ಘೋಷಣೆಗೆ ಸಾಕ್ಷಿ ಹಾಕಲು ಹತ್ತು ಜನ ಓಡಿ ಬರುತ್ತಾರೆ. ಪಕ್ಷೇತರನ ಕಾಗದಕ್ಕೆ ಸಹಿ ಹಾಕಲು ಪರಿಚಯದವರೂ ಪೆನ್ನಿಲ್ಲ ಅನ್ನುತ್ತಾರೆ! (ಬಾಕಿಯ ವಿಷಯದಲ್ಲಿ ಲೆಕ್ಕ ಉಲ್ಟಾ. ಪಕ್ಷೇತರರು ಮುಂಗಡ ಎಣಿಸಿ ಕೊಡುತ್ತಾರೆ. ದೊಡ್ಡ ಪಕ್ಷವೊಂದರ ಬಿಲ್ಲು ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಹಳದಿಯಾಗುತ್ತಾ ಬಿದ್ದಿದೆ. ಅವರು ಯಾರೆಂದು ಹೇಳಲಾರೆ, ಮುಂದಿನ ಚುನಾವಣೆಗೂ ಅವರೇ ಬರಬೇಕು.)

2024ರ ನಮ್ಮ ಕ್ಷೇತ್ರದ ಕ್ಯಾಲೆಂಡರ್ ನೋಡಿ. ಏಪ್ರಿಲ್ 12ಕ್ಕೆ ಅಧಿಸೂಚನೆ. 19ಕ್ಕೆ ನಾಮಪತ್ರದ ಕೊನೆ ದಿನ. 22ಕ್ಕೆ ವಾಪಸಾತಿಯ ಕೊನೆ ದಿನ. ಮೇ 7ಕ್ಕೆ ಮತದಾನ. ಪಕ್ಷೇತರನಿಗೆ ಗುರುತು ಸಿಗುವುದು ವಾಪಸಾತಿ ಮುಗಿದ ಮೇಲೆ. ಬಹಿರಂಗ ಪ್ರಚಾರ ಮೇ 5ರ ಸಂಜೆಗೆ ಬಂದ್. ಹದಿಮೂರು ದಿನ! ಕೈ, ಕಮಲ ಎಂದರೆ ಅಜ್ಜಿಗೂ ಗೊತ್ತು, ಮೊಮ್ಮಗುವಿಗೂ ಗೊತ್ತು. ಹೊಸ ಗುರುತನ್ನು ಎಂಟು ವಿಧಾನಸಭಾ ಕ್ಷೇತ್ರಕ್ಕೆ, ಆ ಕಡೆ ಜಗಳೂರು ಹರಪನಹಳ್ಳಿಯಿಂದ ಈ ಕಡೆ ಹೊನ್ನಾಳಿ ಚನ್ನಗಿರಿಯವರೆಗೆ, ಸುಮಾರು 17 ಲಕ್ಷ ಮತದಾರರಿಗೆ ಹದಿಮೂರು ದಿನದಲ್ಲಿ ಮುಟ್ಟಿಸಬೇಕು. ಎಷ್ಟು ರೀಮು ಕಾಗದ ತಂದರೆ ಮುಟ್ಟೀತು? ಖರ್ಚಿನ ಮಿತಿ 95 ಲಕ್ಷ ಎಂದು ಆಯೋಗ ಹೇಳಿತ್ತು. ಆ ಮಿತಿಯನ್ನು ನಂಬುವವರು ನಮ್ಮ ಕಸುಬಿನಲ್ಲಂತೂ ಯಾರೂ ಇಲ್ಲ.

ಹಾಗಾದರೆ 42,907 ಹೇಗೆ ಬಂತು? ಆ ಹದಿಮೂರು ದಿನದಲ್ಲಿ ಬಂದದ್ದಲ್ಲ ಎಂಬುದೇ ಉತ್ತರ. ಗುರುತು ಸಿಗುವ ತಿಂಗಳುಗಳ ಮುಂಚೆಯೇ ಈ ಮನುಷ್ಯ "ವಿನಯ ನಡಿಗೆ ಹಳ್ಳಿ ಕಡೆಗೆ" ಎಂದು ಪಾದಯಾತ್ರೆ ಹೊರಟರು. ಹಳ್ಳಿಗೆ ನಡೆದು ಹೋಗುವುದು, ಕಟ್ಟೆಯ ಮೇಲೆ ಕೂರುವುದು, ಸಾಲೆ ನೋಡುವುದು, ನೀರು ಕೇಳುವುದು. ಪಾದಯಾತ್ರೆ ಎಂದರೆ ನಮ್ಮ ರಾಜಕಾರಣಿಗಳಿಗೆ ಹೊಸದೇನಲ್ಲ. ಆದರೆ ಅವರ ಪಾದಯಾತ್ರೆಯಲ್ಲಿ ಮುಂದೆ ಕ್ಯಾಮೆರಾ, ಹಿಂದೆ ಕಾರಿನ ಸಾಲು, ನಡುವೆ ಹಾರ! ಊರಿಗೆ ಹೋಗುವುದಲ್ಲ, ಊರಿನ ಮೇಲೆ ಹೋಗುವುದು. ಟಿಕೆಟ್ಟೂ ಇಲ್ಲದ, ಗುರುತೂ ಇಲ್ಲದ ಒಬ್ಬ ಮನೆ ಮುಂದೆ ಬಂದು ನಿಂತರೆ ಮನೆಯವನಿಗೆ ಮೊದಲು ಅನುಮಾನ ಬರುತ್ತದೆ, ಆಮೇಲೆ ಮಾತು ಬರುತ್ತದೆ.

ನಮ್ಮ ಬಡಾವಣೆಯ ಬಾಡಿಗೆ ರೂಮುಗಳಲ್ಲಿ ಓದುವ ಹುಡುಗರು ಅರ್ಜಿ ಜೆರಾಕ್ಸಿಗೆ, ಬಯೋಡಾಟಾ ಪ್ರಿಂಟಿಗೆ ನನ್ನಲ್ಲಿಗೆ ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕಟ್ಟುವ ಹುಡುಗರಿಗೆ ವಿನಯಕುಮಾರರ ಹೆಸರು ಮೊದಲೇ ಗೊತ್ತಿತ್ತು. ಬೇರೆ ಚುನಾವಣೆಗಳಲ್ಲಿ ಈ ಹುಡುಗರು "ಯಾರು ಬಂದರೇನು ಬಿಡಣ್ಣ" ಅಂದದ್ದನ್ನು ಕೇಳಿದವನು ನಾನು. 2024ರ ಆ ಬೇಸಿಗೆಯಲ್ಲಿ "ಅಣ್ಣ, ನಮ್ಮ ಬೂತ್ ಯಾವುದು ಅಂತ ಹೆಂಗೆ ನೋಡೋದು?" ಎಂದು ಕೇಳಿದ್ದೂ ಅದೇ ಹುಡುಗರು. ಅವರೆಲ್ಲ ಯಾರಿಗೆ ಹಾಕಿದರೋ, ನಾನು ಕೇಳಲಿಲ್ಲ, ಕೇಳಬಾರದು. ಬೂತ್ ಹುಡುಕಿದರಲ್ಲ, ಅಷ್ಟು ಸಾಕು.

ಮನೆ ಬಾಗಿಲಿಗೆ ಹೋಗುವುದರ ತೂಕ ಎಷ್ಟು ಎಂಬುದನ್ನು ಅಳತೆ ಮಾಡಿದವರೂ ಇದ್ದಾರೆ. ಪುಸ್ತಕ ಅಚ್ಚಿಗೆ ಕೊಟ್ಟಿದ್ದ ಉಪನ್ಯಾಸಕರೊಬ್ಬರ ಹಸ್ತಪ್ರತಿ ತಿದ್ದುವಾಗ ನನಗೆ ತಿಳಿದ ಸಂಗತಿ ಇದು. 1998ರಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಗರ್ಬರ್ ಮತ್ತು ಗ್ರೀನ್ ಎಂಬ ಇಬ್ಬರು ಹತ್ತಿರ ಹತ್ತಿರ ಮೂವತ್ತು ಸಾವಿರ ಮತದಾರರನ್ನು ಗುಂಪು ಮಾಡಿದರು. ಕೆಲವರ ಮನೆಗೆ ಖುದ್ದಾಗಿ ಹೋಗಿ ಓಟು ಹಾಕಿ ಎಂದರು, ಕೆಲವರಿಗೆ ಅಂಚೆಯಲ್ಲಿ ಕಾಗದ ಕಳಿಸಿದರು, ಕೆಲವರಿಗೆ ಫೋನ್ ಮಾಡಿಸಿದರು, ಉಳಿದವರನ್ನು ಸುಮ್ಮನೆ ಬಿಟ್ಟರು. ಎಣಿಸಿ ನೋಡಿದಾಗ ಖುದ್ದಾಗಿ ಹೋದ ಕಡೆ ಮತದಾನ ಚೆನ್ನಾಗಿ ಏರಿತ್ತು. ಫೋನಿನಿಂದ ಏನೂ ಆಗಿರಲಿಲ್ಲ. ಕಾಗದದಿಂದ? ತೀರಾ ಅಲ್ಪ! ಕಾಗದದ ಮೇಲೆ ಹೊಟ್ಟೆ ಹೊರೆಯುವ ನನಗೆ ಇದನ್ನು ಬರೆಯಲು ಖುಷಿಯೇನಿಲ್ಲ. ಆದರೂ ಲಕ್ಷಗಟ್ಟಲೆ ಕರಪತ್ರ ಅಚ್ಚು ಹಾಕಿ, ಮಾರನೇ ದಿನ ಅವೇ ಕಾಗದದಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿ ಕೊಡುವುದನ್ನು ನೋಡಿದವನಿಗೆ ಯೇಲ್‌ನವರು ಹೇಳುವ ಮುಂಚೆಯೇ ಇದು ಗೊತ್ತಿತ್ತು.

2019ರಲ್ಲಿ ನಮ್ಮ ಕ್ಷೇತ್ರದ ಮತದಾನ ಸುಮಾರು ಶೇಕಡ 73. 2024ರಲ್ಲಿ ಸುಮಾರು 77. ಇದೆಲ್ಲ ಒಬ್ಬ ಪಾದಯಾತ್ರಿಯ ಪ್ರತಾಪ ಎಂದು ಡಂಗುರ ಹೊಡೆದರೆ ಅದು ಬೊಗಳೆ. ಎರಡು ಮನೆಗಳ ನೇರ ಪೈಪೋಟಿ ಇತ್ತು, ಅಧಿಕಾರಿಗಳ ಜಾಗೃತಿ ಜಾಥಾಗಳಿದ್ದವು, ಗ್ಯಾರಂಟಿಗಳ ಚರ್ಚೆ ಇತ್ತು, ಜಾತಿಯ ಲೆಕ್ಕವೂ ಇತ್ತು. ವಿನಯಕುಮಾರರ ಓಟಿನಲ್ಲಿ ಅವರ ಸಮಾಜದ ಓಟು ಎಷ್ಟು, ಹೊಸಬರ ಓಟು ಎಷ್ಟು ಎಂದು ಯಂತ್ರ ಬಾಯಿ ಬಿಡುವುದಿಲ್ಲ. ಆದರೆ ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಓಟು ಹಾಕಿದವರು ಸುಮಾರು 53! ವಿದ್ಯೆ ಇದೆ, ಮೆಟ್ರೋ ಇದೆ, ಟೀವಿ ಇದೆ, ಮೊಬೈಲಿನಲ್ಲಿ ದಿನಕ್ಕೆ ನೂರು ಸಂದೇಶ ಬರುತ್ತವೆ. ಅಪಾರ್ಟ್‌ಮೆಂಟಿನ ಗೇಟು ದಾಟಿ ಬಂದು "ಬನ್ರೀ" ಎನ್ನುವವರು ಮಾತ್ರ ಕಡಿಮೆ.

ಓದುಗರೇ, ನಡೆದು ಕಟ್ಟಿದ ಓಟು ಗೆಲ್ಲುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ಅವರನ್ನು ಸಾಗರಕ್ಕೆ ಕಳಿಸಿ.

ಕಾಗೋಡು. ಸಾಗರ ತಾಲ್ಲೂಕಿನ ಪುಟ್ಟ ಹಳ್ಳಿ. ಭತ್ತ ಅಳೆಯುವ ಕೊಳಗದಲ್ಲಿ ಜಮೀನ್ದಾರರು ಮಾಡುತ್ತಿದ್ದ ಮೋಸಕ್ಕೆ ಗೇಣಿದಾರರು ಸಿಡಿದೆದ್ದರು. ಎಚ್. ಗಣಪತಿಯಪ್ಪನವರು ರೈತರನ್ನು ಮೊದಲು ಕಟ್ಟಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಉಳುವವನು ನೇಗಿಲು ಹಿಡಿದು ಗದ್ದೆಗಿಳಿಯುವುದು, ಪೊಲೀಸರು ಹಿಡಿದು ಒಯ್ಯುವುದು, ಮಾರನೇ ದಿನ ಇನ್ನೊಂದು ತಂಡ. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದು ಗದ್ದೆಗಿಳಿದು ಬಂಧನಕ್ಕೊಳಗಾದರು. ಈ ಹೋರಾಟದ ನಡುವೆ ಊರೂರು ಸುತ್ತಿದ ಸಮಾಜವಾದಿ ಪಕ್ಷದ ತರುಣ ಶಾಂತವೇರಿ ಗೋಪಾಲಗೌಡರು. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದವರು. ಜೇಬಿನಲ್ಲಿ ಕಾಸಿಲ್ಲ, ಹಿಂದೆ ಮಠವಿಲ್ಲ, ಮುಂದೆ ಧಣಿಯಿಲ್ಲ.

ಕೆಲವೇ ತಿಂಗಳಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ಮೈಸೂರು ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಗೆ ಓಟು ಹಾಕುವ ಹಕ್ಕು ಕಂದಾಯ ಕಟ್ಟುವವರಿಗೆ, ಆಸ್ತಿವಂತರಿಗೆ, ಓದಿದವರಿಗೆ ಮಾತ್ರ ಇತ್ತು. ಗೇಣಿ ಮಾಡುವವನಿಗೆ ಎಲ್ಲಿಯ ಓಟು? 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದ ಗೇಣಿದಾರ, ಅವನ ಹೆಂಡತಿ, ಅವನ ಮುದಿ ತಾಯಿ, ಎಲ್ಲರೂ ಹೊಸ ಮತದಾರರೇ! ಜೀವಮಾನದಲ್ಲಿ ಮೊದಲ ಸಲ ಓಟಿನ ಪೆಟ್ಟಿಗೆ ನೋಡಿದವರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ಜೋಡೆತ್ತು, ಸಮಾಜವಾದಿಗಳ ಪೆಟ್ಟಿಗೆಯ ಮೇಲೆ ಮರದ ಗುರುತು. ಒಳಗೆ ಹೋಗಿ ಯಾರೂ ನೋಡದ ಕಡೆ ಚೀಟಿ ಹಾಕಬೇಕು. ನಿನ್ನೆಯವರೆಗೆ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತವನಿಗೆ, ಧಣಿಗೆ ಗೊತ್ತಾಗದಂತೆ ಧಣಿಯ ವಿರುದ್ಧ ಹೋಗಬಹುದು ಎಂದು ಯಾರು ಧೈರ್ಯ ಹೇಳಬೇಕು? ಕರಪತ್ರ ಹೇಳೀತೇ? ಓದಲು ಬರುವವರು ಎಷ್ಟು ಜನ? ಹೇಳಿದ್ದು ಗೋಪಾಲಗೌಡರ ಕಾಲು, ಗೋಪಾಲಗೌಡರ ಬಾಯಿ.

ಅವರು ಕೇಳಿದ್ದು "ಒಂದು ನೋಟು, ಒಂದು ವೋಟು". ಇವತ್ತಿನ ಲೆಕ್ಕದಲ್ಲಿ ಇದು ಹುಚ್ಚು! ಇಂದು ಅಭ್ಯರ್ಥಿ ನೋಟು ಕೊಟ್ಟು ಓಟು ಕೇಳುತ್ತಾನೆ. ಅಂದು ಜನರೇ ನೋಟೂ ಕೊಟ್ಟು ಓಟೂ ಕೊಟ್ಟರು. ಇದರ ಗುಟ್ಟು ಸುಲಭ. ತನ್ನ ದುಡ್ಡು ಹಾಕಿದವನು ಮತದಾನದ ದಿನ ಮನೆಯಲ್ಲಿ ಕೂರುವುದಿಲ್ಲ. ಕಿರಾಣಿ ಅಂಗಡಿಗೆ ಹತ್ತು ರೂಪಾಯಿ ಮುಂಗಡ ಕೊಟ್ಟವನೂ ಸಾಮಾನು ತರಲು ಹೋಗಿಯೇ ಹೋಗುತ್ತಾನೆ. ಗೋಪಾಲಗೌಡರು ಗೆದ್ದರು. 1957ರಲ್ಲಿ ಸೋತರು. 1962, 1967ರಲ್ಲಿ ಮತ್ತೆ ಗೆದ್ದರು. ಮೈಸೂರು ರಾಜ್ಯವೆಂಬ ಹೆಸರು ಹೋಗಿ ಕರ್ನಾಟಕವಾಗಬೇಕೆಂದು ವಿಧಾನಸಭೆಯಲ್ಲಿ ವಾದಿಸಿದ ಈ ಮನುಷ್ಯ 1972ರ ಜೂನ್ 9ರಂದು ತೀರಿಕೊಂಡರು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಉಳುವವನೇ ಒಡೆಯನೆಂಬ ಭೂಸುಧಾರಣೆ ಅರಸು ಕಾಲದಲ್ಲಿ 1974ಕ್ಕೆ ಬಂತು. ಎರಡನ್ನೂ ಅವರು ಕಣ್ಣಾರೆ ನೋಡಲಿಲ್ಲ.

ಆ ಓಟಿನ ಬಳ್ಳಿ ಎಲ್ಲಿಯವರೆಗೆ ಹಬ್ಬಿತು ಗೊತ್ತೇ? ಗೋಪಾಲಗೌಡರ ಗರಡಿಯಲ್ಲಿ ಪಳಗಿದ ಒಬ್ಬರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1967ರಲ್ಲಿ ಶಿವಮೊಗ್ಗದಿಂದ ಸಂಯುಕ್ತ ಸಮಾಜವಾದಿ ಪಕ್ಷದಿಂದ ಗೆದ್ದು ದಿಲ್ಲಿಗೆ ಹೋದ ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸಭೆಯಲ್ಲಿ ಮೊಳಗಿದ ಮೊದಲ ಕನ್ನಡ ಭಾಷಣ ಅದು! ಸಭಾಧ್ಯಕ್ಷ ನೀಲಂ ಸಂಜೀವರೆಡ್ಡಿಯವರು ಅವಕಾಶ ಕೊಟ್ಟರು. ಇದನ್ನು ನಾವು ರಾಜ್ಯೋತ್ಸವದ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತೇವೆ. ಆದರೆ ಅಲ್ಲಿ ಮಾತಾಡಿದ ನಾಲಿಗೆಯ ಹಿಂದೆ ಮಲೆನಾಡಿನ ಹಳ್ಳಿಗಳಲ್ಲಿ ಹದಿನೈದು ವರ್ಷ ಸವೆದ ಕಾಲುಗಳಿದ್ದವು ಎಂಬುದನ್ನು ಹೇಳುವುದಿಲ್ಲ. ಮುಂದೆ ಮುಖ್ಯಮಂತ್ರಿಯಾದಾಗ, 1997ರಲ್ಲಿ, ದಾವಣಗೆರೆಯನ್ನು ಜಿಲ್ಲೆ ಮಾಡಿದವರೂ ಅದೇ ಪಟೇಲರು.

ದೂರ ಯಾಕೆ, ನಮ್ಮ ದಾವಣಗೆರೆಯೇ ಇದೆಯಲ್ಲ! ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡು, ಹತ್ತಿ ಗಿರಣಿಗಳ ಸೈರನ್ನಿಗೆ ಊರೇ ಎದ್ದು ಮಲಗುತ್ತಿದ್ದ ಕಾಲ. 1978, 1983, 1985, ಮೂರು ಸಲ ಈ ಊರು ವಿಧಾನಸಭೆಗೆ ಕಳಿಸಿದ್ದು ಕಮ್ಯುನಿಸ್ಟ್ ಪಕ್ಷದ ಕಾಮ್ರೇಡ್ ಪಂಪಾಪತಿಯವರನ್ನು. ವ್ಯಾಪಾರಸ್ಥರ ಊರು, ಮಂಡಿಗಳ ಊರು, ಸಾಹುಕಾರರ ಊರು, ಅಲ್ಲಿ ಕೆಂಬಾವುಟ! ನಾನು ಆಗ ಚಡ್ಡಿ ಹಾಕಿಕೊಂಡು ಪ್ರೆಸ್ಸಿನಲ್ಲಿ ಚದುರಿದ ಮೊಳೆ ಆರಿಸುತ್ತಿದ್ದೆ. ಅಪ್ಪ ಹೇಳುತ್ತಿದ್ದ ಮಾತು ನೆನಪಿದೆ. "ಅವರ ನೋಟೀಸು ಸಣ್ಣದು ಕಣೋ, ನೂರೋ ಇನ್ನೂರೋ. ಆದ್ರೆ ಒಂದೊಂದು ನೋಟೀಸನ್ನ ಐವತ್ತು ಜನಕ್ಕೆ ಓದಿ ಹೇಳ್ತಾರೆ." ಪಾಳಿ ಬದಲಾಗುವ ಹೊತ್ತಿಗೆ ಗಿರಣಿ ಗೇಟಿನ ಮುಂದೆ ಸಭೆ. ಕೂಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರಿಗೆ, ಓಟು ಎಂದರೆ ಯಾರೋ ಕೊಡುವ ಸೀರೆಯಲ್ಲ, ತನ್ನ ಬೋನಸ್ಸಿನ ವಿಷಯ ಎಂದು ತಿಳಿಸಿದ್ದು ಆ ಸಂಘಟನೆ. ಕಮ್ಯುನಿಸ್ಟರ ಎಲ್ಲ ಮಾತಿಗೂ ನಾನು ಹೂಂ ಅನ್ನುವವನಲ್ಲ. ಆದರೆ ಕೆಲಸ ಕಲಿಯಬೇಕಾದರೆ ಕೆಲಸ ಬಲ್ಲವರಿಂದಲೇ ಕಲಿಯಬೇಕು.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಗೇಟೇ ಇಲ್ಲದ ಮೇಲೆ ಗೇಟಿನ ಸಭೆ ಎಲ್ಲಿ? ಆ ಜಾಗಕ್ಕೆ ಬಂದದ್ದು ಜಾತಿ ಸಮಾವೇಶ, ಬಾಡೂಟ, ಫ್ಲೆಕ್ಸು. ಕಾರ್ಮಿಕರ ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ, ಸೆಕ್ಯುರಿಟಿ ಕೆಲಸಕ್ಕೆ, ಡೆಲಿವರಿ ಬೈಕಿಗೆ ಹೋದರು. ಓಟು ಇಲ್ಲಿ, ಬದುಕು ಅಲ್ಲಿ.

ಇಷ್ಟು ಹೇಳಿದ ಮೇಲೆ 2024ರ ಪಾದಯಾತ್ರೆಗೆ ಮರಳಿ, ಮುಲಾಜಿಲ್ಲದ ಒಂದು ಮಾತು ಹೇಳಬೇಕು. ನಡಿಗೆಯ ಹೆಸರಿನಲ್ಲೇ ಅಭ್ಯರ್ಥಿಯ ಹೆಸರಿತ್ತು! ಕಾಗೋಡಿನಲ್ಲಿ ಹೋರಾಟ ಮೊದಲು, ಅಭ್ಯರ್ಥಿ ಆಮೇಲೆ. ಪಂಪಾಪತಿಯವರ ವಿಷಯದಲ್ಲೂ ಸಂಘ ಮೊದಲು, ಚುನಾವಣೆ ಆಮೇಲೆ. ಇಲ್ಲಿ ಅಭ್ಯರ್ಥಿ ಮೊದಲು ಬಂದರು, ಸಂಘ ಆಮೇಲೆ ಹುಟ್ಟಬೇಕಾಯಿತು. ಚುನಾವಣೆ ಮುಗಿದ ಮೇಲೆ ಸ್ವಾಭಿಮಾನಿ ಬಳಗ ಎಂದು ಕಟ್ಟಿದ್ದಾರೆ. ಒಳ್ಳೆಯದೇ. ಆದರೆ ನಲವತ್ತೆರಡು ಸಾವಿರ ಜನ ಒಬ್ಬನ ಮುಖ ನೋಡಿ ಬಂದವರಾದರೆ ಆ ಮುಖ ಮರೆಯಾದ ದಿನ ಅವರೂ ಮನೆಗೆ ಹೋಗುತ್ತಾರೆ. ಕೆರೆಯ ನೀರಿಗೋ ಭದ್ರಾ ನಾಲೆಯ ಕೊನೆಯ ಹಳ್ಳಿಗೆ ನೀರು ಬರಲಿಲ್ಲವೆಂದೋ ಒಟ್ಟಾದವರಾದರೆ ನಿಲ್ಲುತ್ತಾರೆ. ಕಟ್ಟಿದವರು ಇದನ್ನು ಯೋಚಿಸಲಿ.

ಈಗ ನಮ್ಮ ಕಡೆಗೇ ಬೆರಳು ತಿರುಗಿಸುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಕನ್ನಡ ಸಂಘಟನೆಗಳ ಬಂಧುಗಳೇ, ಯಾವ ಸರ್ಕಲ್ಲಿನಲ್ಲಿ ನಮ್ಮ ಹಳದಿ ಕೆಂಪು ಬಾವುಟ ಇಲ್ಲ? ಯಾವ ಆಟೋ ನಿಲ್ದಾಣದಲ್ಲಿ ನಮ್ಮ ಹುಡುಗರಿಲ್ಲ? ನವೆಂಬರ್ ಬಂದರೆ ಆರ್ಕೆಸ್ಟ್ರಾ, ಮೆರವಣಿಗೆ, ಭುವನೇಶ್ವರಿ ತೇರು, ಎಲ್ಲದಕ್ಕೂ ಕರಪತ್ರ ನಾನೇ ಅಚ್ಚು ಹಾಕಿದ್ದೇನೆ, ಸಂತೋಷ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಹೊರಡುವ ನೂರು ಹುಡುಗರಲ್ಲಿ ಎಷ್ಟು ಜನರ ಹೆಸರು ಮತದಾರರ ಪಟ್ಟಿಯಲ್ಲಿದೆ? ಒಮ್ಮೆ ಕೇಳಿ ನೋಡಿ. ನಾನು ಕೇಳಿದ ಒಂದು ಗುಂಪಿನಲ್ಲಿ ಅರ್ಧದಷ್ಟು ಕೈ ಮೇಲೇಳಲಿಲ್ಲ! ಪಟ್ಟಿಯಲ್ಲಿ ಹೆಸರೇ ಇಲ್ಲದವನ ಘೋಷಣೆಗೆ ಯಾವ ಶಾಸಕ ಹೆದರುತ್ತಾನೆ? ಬೀದಿಯಲ್ಲಿ ನಿಂತ ನೂರು ಜನಕ್ಕೆ ಪೊಲೀಸ್ ವ್ಯಾನ್ ಸಾಕು. ಪಟ್ಟಿಯಲ್ಲಿ ನಿಂತ ಸಾವಿರ ಜನಕ್ಕೆ ಅವನೇ ಬಂದು ನಿಲ್ಲಬೇಕು.

ಕನ್ನಡದ ಹೆಸರಿನಲ್ಲಿ ಗೆಲ್ಲಲಾಗದು ಎಂಬುದೂ ಸುಳ್ಳು. ವಾಟಾಳ್ ನಾಗರಾಜ್ ಅವರು 1967ರಲ್ಲೇ ಬೆಂಗಳೂರಿನಿಂದ ವಿಧಾನಸಭೆಗೆ ಹೋದರು. ಆಮೇಲೆ ಚಾಮರಾಜನಗರದಿಂದ 1989, 1994, 2004ರಲ್ಲಿ ಗೆದ್ದರು. ಕತ್ತೆ ಮೆರವಣಿಗೆ, ಎಮ್ಮೆ ಮೆರವಣಿಗೆ ಎಂದು ನಕ್ಕವರು ನಕ್ಕರು, ಓಟು ಹಾಕಿದವರು ಹಾಕಿದರು. ಆದರೆ ಒಬ್ಬರೇ ಹೋದರು, ಒಬ್ಬರೇ ಬಂದರು. ಅವರ ಹಿಂದೆ ಎರಡನೆಯವರು ಬೆಳೆಯಲಿಲ್ಲ. ನಾನು ಮೇಲೆ ಹೇಳಿದ ಮುಖದ ಮಾತೇ ಇಲ್ಲಿಯೂ ಬಂತು ನೋಡಿ.

ಭಾಷೆಯ ಮಾತು ಬಂದದ್ದಕ್ಕೆ ಒಂದು ದೂರದ ಸುದ್ದಿ. 2025ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ ನಡೆಯಿತು. ಜೋಹ್ರಾನ್ ಮಮ್ದಾನಿ ಎಂಬ ಮೂವತ್ತನಾಲ್ಕರ ಯುವಕ ಗೆದ್ದ. ಬಾಗಿಲು ತಟ್ಟುವ ಸ್ವಯಂಸೇವಕರ ದಂಡನ್ನೇ ಕಟ್ಟಿದ್ದ. ಬಾಡಿಗೆ ಮನೆಯವರ ಬಳಿ, ಟ್ಯಾಕ್ಸಿ ಓಡಿಸುವವರ ಬಳಿ ಹೋದ. ಇಂಗ್ಲಿಷಿನ ತವರಿನಂಥ ಆ ಊರಿನಲ್ಲಿ ಹಿಂದಿ, ಉರ್ದು, ಬಂಗಾಳಿ, ಸ್ಪ್ಯಾನಿಷ್ ಮಾತಾಡಿ ಓಟು ಕೇಳಿದ! 20 ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು, 1969ರ ನಂತರ ಅಷ್ಟು ಜನ ಬಂದದ್ದು ಅದೇ ಮೊದಲು. ಜನರ ಮನೆಮಾತಿನಲ್ಲಿ ಕೇಳಿದರೆ ಜನ ಬರುತ್ತಾರೆಂದು ಅಲ್ಲಿಯವರಿಗೆ ಗೊತ್ತಾಯಿತು. ನಮ್ಮ ಪಕ್ಷಗಳು ದಿಲ್ಲಿಯಲ್ಲಿ ಹಿಂದಿಯಲ್ಲಿ ಬರೆಸಿದ ಘೋಷಣೆಯನ್ನು ಮಕ್ಕಿಕಾಮಕ್ಕಿ ಕನ್ನಡಕ್ಕಿಳಿಸಿ ನನಗೆ ಅಚ್ಚಿಗೆ ಕಳಿಸುತ್ತವೆ. ತಿದ್ದಿ ಕೊಡಲೇ ಎಂದರೆ "ಮೇಲಿನಿಂದ ಬಂದಿದ್ದು, ಮುಟ್ಟಬೇಡಿ" ಎಂದು ಉತ್ತರ!

ಕೆಲಸ ಏನೆಂದು ಹೇಳದೆ ಬೈದು ಮುಗಿಸುವುದು ನನಗೆ ಬರುವುದಿಲ್ಲ. ಆದ್ದರಿಂದ ಕೇಳಿ. ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು. 2022ರಿಂದ ಆ ತೊಂದರೆ ಇಲ್ಲ. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ವರ್ಷಕ್ಕೆ ನಾಲ್ಕು ಅರ್ಹತಾ ದಿನ. ಹೊಸದಾಗಿ ಸೇರಲು ನಮೂನೆ 6. ಮನೆ ಬದಲಾಯಿಸಿದವರಿಗೆ, ಹೆಸರು ತಪ್ಪಿದ್ದವರಿಗೆ ನಮೂನೆ 8. ಎರಡೂ ಕನ್ನಡದಲ್ಲಿವೆ, ಎರಡೂ ಬಿಟ್ಟಿ. ಎಸ್.ಎಸ್. ಬಡಾವಣೆಯ ರೂಮುಗಳಲ್ಲಿ ಮೂರು ನಾಲ್ಕು ವರ್ಷ ಇದ್ದು ಓದುವ ಹುಡುಗರು "ನಮ್ಮ ಓಟು ಊರಲ್ಲಿದೆ" ಎನ್ನುತ್ತಾರೆ, ಊರಿಗೆ ಹೋಗುವುದಿಲ್ಲ. ಇಲ್ಲಿ ವಾಸವಿರುವವರು ಇಲ್ಲಿಗೇ ಬದಲಾಯಿಸಿಕೊಳ್ಳಬಹುದು. ಹೆಸರಿನ ತಪ್ಪನ್ನು ಸಣ್ಣದೆನ್ನಬೇಡಿ. ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದ ಪಟ್ಟಿಗಳಲ್ಲಿ ಹಾಲೇಶ ಹಲೇಶನಾಗಿರುವುದನ್ನು, ಹಾಲಮ್ಮ ಹಲಮ್ಮನಾಗಿರುವುದನ್ನು ಕಂಡಿದ್ದೇನೆ. ಬೂತಿನಲ್ಲಿ ಏಜೆಂಟ್ ತಕರಾರು ತೆಗೆದರೆ ಮೊದಲ ಸಲ ಬಂದ ಹೆಣ್ಣುಮಗಳು ಗಾಬರಿಯಾಗಿ ಹಿಂದಕ್ಕೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

ಇನ್ನೊಂದು. ಮತದಾನದ ದಿನ ಅಭ್ಯರ್ಥಿಯ ಕಡೆಯವರು ಬಿಟ್ಟಿ ಗಾಡಿಯಲ್ಲಿ ಮತದಾರರನ್ನು ಸಾಗಿಸುವುದು ಕಾಯಿದೆಯ ಪ್ರಕಾರ ಚುನಾವಣಾ ಭ್ರಷ್ಟಾಚಾರ. ಗಾಡಿ ಕಳಿಸುತ್ತೇವೆಂದು ಹೇಳಿ ಹೋಗುವವರನ್ನು ನಂಬಿ ಕೂರಬೇಡಿ. ನೆರೆಯ ನಾಲ್ಕು ಮನೆಯವರು ಮಾತಾಡಿಕೊಂಡು ಬೆಳಗ್ಗೆ ಏಳಕ್ಕೇ ನಡೆದು ಹೋಗಿ ಬನ್ನಿ, ಮೇ ತಿಂಗಳ ದಾವಣಗೆರೆಯ ಬಿಸಿಲು ಗೊತ್ತಲ್ಲ!

2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ ಎಂಬುದು ನಿಮಗೆ ಗೊತ್ತಿದೆ. ಚುನಾವಣೆ ಘೋಷಣೆಯಾಗಲಿ ಎಂದು ಕಾದರೆ ಹದಿಮೂರು ದಿನವೇ ಸಿಗುವುದು. ಪಟ್ಟಿ ಮಾತ್ರ ಈಗಲೇ ಇದೆ. ಒಂದು ಬೂತಿನ ಭಾಗದಲ್ಲಿ ಸಾವಿರ, ಸಾವಿರದಿನ್ನೂರು ಹೆಸರು, ಮೂವತ್ತು ನಲವತ್ತು ಪುಟ. ಆಯೋಗದ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಮ್ಮ ಬೀದಿಯ ಭಾಗದ ಪಟ್ಟಿ ತನ್ನಿ, ಅಚ್ಚು ಹಾಕಿ ಪಿನ್ ಹೊಡೆದು ಕೊಡುತ್ತೇನೆ, ಕಾಗದದ ಅಸಲು ಕೊಟ್ಟರೆ ಸಾಕು. ಭಾನುವಾರವೂ ಮಧ್ಯಾಹ್ನ ಎರಡರವರೆಗೆ ಅಂಗಡಿ ತೆಗೆದಿರುತ್ತದೆ. ಕೆಂಪು ಪೆನ್ನು ನೀವೇ ತನ್ನಿ.